ಅಳಿಸಿದ ಪದರ

ಬಡವರ ಮನೆಗಳಿಗೆ ಸರ್ಕಾರ ಪುಕ್ಕಟೆಯಾಗಿ ಕಣ್ಣು ಹಂಚಿದ ವರ್ಷ ಹುಲಿಗೆಮ್ಮನಿಗೆ ಮೂವತ್ತೆರಡು. ದೊಡ್ಡ ಜ್ವರ ಬಂದು ಹೋಗಿ ಎರಡು ವರ್ಷವಾಗಿತ್ತು. ಇನ್ನು ಮುಂದೆ ಪ್ರತಿ ಮನೆಯೂ ತನ್ನ ನೀರು, ತನ್ನ ಗಾಳಿಯನ್ನು ತಾನೇ ನೋಡಿಕೊಳ್ಳಬೇಕು ಎಂದು ಕಾಯ್ದೆ ಬಂತು. ನೋಡಿಕೊಳ್ಳಲು ಯಂತ್ರವೂ ಬಂತು. ತಂಬಿಗೆಯಷ್ಟು ಎತ್ತರದ ಸೂಕ್ಷ್ಮದರ್ಶಕ, ಅದರ ನೆತ್ತಿಯ ಮೇಲೆ ಅಂಗೈಯಗಲದ ಪರದೆ. ಹೆಸರು ಮನೆಗಣ್ಣು.

ಕೆಂಗಲ್ಲೂರಿನ ಪಾಲಿಶ್ ಓಣಿಯಲ್ಲಿ ಅರವತ್ತೆರಡು ಮನೆ. ಗಂಡಸರೆಲ್ಲ ಓಣಿಯ ಹಿಂದಿನ ಶೆಡ್ಡುಗಳಲ್ಲಿ ಕೆಂಪು ಕಲ್ಲು ಕೊಯ್ದು ನುಣುಪು ಮಾಡುವವರು. ಅವರು ಹೊಳಪು ಕೊಟ್ಟ ಕಲ್ಲಿನ ಮೇಲೆ ಊರೂರಿನ ಸಾಹುಕಾರರು ಕಾಲಿಟ್ಟು ನಡೆಯುತ್ತಿದ್ದರು. ಕೊಯ್ದಾಗ ಎದ್ದ ಧೂಳು ಮಾತ್ರ ಓಣಿಯ ಪಾಲಿಗೆ. ಅಲ್ಲಿನ ಹೆಂಗಸರು ಎಡಗೈಯಲ್ಲಿ ಒದ್ದೆ ಬಟ್ಟೆ ಇಲ್ಲದೆ ಯಾವ ಕೆಲಸವನ್ನೂ ಮಾಡಿದವರಲ್ಲ. ತಾಟು ಒರೆಸಿ ರೊಟ್ಟಿ ಬಡಿಸಬೇಕು, ಚಾಪೆ ಒರೆಸಿ ನೆಂಟರನ್ನು ಕೂರಿಸಬೇಕು. ಬಂದವರು ಎದ್ದು ಹೋಗುವಾಗ ಸೀರೆಗೆ ಬಿಳಿ ಕಲೆ ಅಂಟಿದ್ದರೆ ಅದು ಶೆಡ್ಡಿನ ಮಾಲೀಕನಿಗಲ್ಲ, ಮನೆಯೊಡತಿಗೆ ಅವಮಾನ.

ಮೊದಮೊದಲು ಜನ ಮನೆಗಣ್ಣನ್ನು ದೇವರ ಗೂಡಿನ ಪಕ್ಕ ಇಟ್ಟು ಬಟ್ಟೆ ಮುಚ್ಚಿದರು. ಅದನ್ನು ಹಟ್ಟಿಯಂಗಳಕ್ಕೆ ತಂದವಳು ಹುಲಿಗೆಮ್ಮ. ಏಳನೆಯ ತರಗತಿವರೆಗೆ ಓದಿ ಬಿಟ್ಟವಳು. ಕಲ್ಲು ಕೆಲಸಗಾರರ ಸಂಘದ ಓದು ಕೂಟದಲ್ಲಿ ಭಾನುವಾರ ಕುಳಿತು ಪತ್ರಿಕೆ ಓದಿ ಹೇಳುತ್ತಿದ್ದವಳು. ಪತ್ರಿಕೆ ಮುಗಿದ ಮೇಲೆ ತೊಟ್ಟಿಯ ನೀರಿನ ಹನಿ ಇಟ್ಟು ತೋರಿಸತೊಡಗಿದಳು. ಕೂಟಕ್ಕೆ ಜನ ಹೆಚ್ಚಾದರು. ಯಂತ್ರ ಹೇಳುವ ಹೆಸರುಗಳು ನಾಲಿಗೆಗೆ ಹೊರಳುತ್ತಿರಲಿಲ್ಲ, ಅವಳೇ ಹೆಸರಿಟ್ಟಳು. ಚಪ್ಪಲಿ ಹುಳ. ಹಸಿರು ಚೆಂಡು. ಗಾಣದ ಹುಳ.

"ಏನ ಹುಲಿಗೆಮ್ಮ, ಇವತ್ತ ಯಾ ದೇವರ ದರ್ಶನ?" ಎಂದು ಪಕ್ಕದ ಮನೆಯ ಫಕೀರವ್ವ ಬಂದು ಬಗ್ಗಿದಳು.

"ಗಾಣದ ಹುಳ. ತಲಿ ಮ್ಯಾಲ ಎರಡು ಗಾಣ ಗರಗರ ತಿರಗತಾವ, ನೋಡು."

"ಅಯ್ಯ ಶಿವನ, ಇದು ನಮ್ಮ ಶೆಡ್ಡಿನ ಮುಕಾದಮನ ಹಂಗ ಐತಿ! ತಿರುಗೂದ ತಿರುಗೂದು, ಕೆಲಸ ಒಂದೂ ಇಲ್ಲ."

ಹುಲಿಗೆಮ್ಮನ ಗಂಡ ಯಂಕಪ್ಪ ಕಟ್ಟೆಯ ಮೇಲಿಂದ ಕೂಗಿದ: "ಮುಕಾದಮ ಆದ್ರ ಸಣ್ಣವರನ್ನ ನುಂಗಬೇಕಲ್ಲ. ನುಂಗತೈತೇನ ನೋಡ್ರಿ."

"ನುಂಗತೈತೋ ಮಾವ!" ಎಂದಳು ಫಕೀರವ್ವ.

ಓಣಿಯೇ ನಕ್ಕಿತು. ಯಂಕಪ್ಪನೂ ನಕ್ಕ. ಅವನ ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಕೊನೆಗೆ ಅವನು ಗೋಡೆ ಹಿಡಿದು ಕುಳಿತ. ಆಗ ಅವನಿಗೆ ನಲವತ್ತೊಂದು. ಹದಿನಾರನೆಯ ವಯಸ್ಸಿಗೆ ಕಲ್ಲು ಕೊಯ್ಯುವ ಬ್ಲೇಡಿನ ಮುಂದೆ ನಿಂತವನು.

ನೀರು ನೋಡುವುದು ಖುಷಿಗೆ; ಗಾಳಿ ನೋಡುವುದು ಕಡ್ಡಾಯ. ತೆಳುವಾಗಿ ಅಂಟು ಸವರಿದ ಗಾಜಿನ ಪಟ್ಟಿಯನ್ನು ಕಿಟಕಿಯಲ್ಲಿ ಒಂದು ದಿನ ಇಡಬೇಕು. ಬೆಳಿಗ್ಗೆ ಅದನ್ನು ಯಂತ್ರಕ್ಕೆ ತೂರಿಸಿದರೆ ಪರದೆಯ ಮೇಲೆ ಬೂದು ಚುಕ್ಕೆಗಳು ಒಂದು ಕ್ಷಣ ಮುಸುಕಿದಂತೆ ಕಾಣುತ್ತಿದ್ದವು. ತಕ್ಷಣ ಅಕ್ಷರ ಮೂಡುತ್ತಿತ್ತು: "ಕಸ ಕಾಣಿಸುತ್ತಿದೆ. ಒರೆಸಿಬಿಡಲೇ?"

ಪಾಲಿಶ್ ಓಣಿಯ ಹೆಂಗಸಿಗೆ ಯಾರಾದರೂ ಈ ಪ್ರಶ್ನೆ ಕೇಳಿದರೆ ಅವಳು ಬೇಡ ಎನ್ನುತ್ತಾಳೆಯೆ? ಹುಲಿಗೆಮ್ಮ "ಹೌದು" ಒತ್ತುತ್ತಿದ್ದಳು. ಚುಕ್ಕೆಗಳು ಮಾಯವಾಗಿ ಒಂದೆರಡು ಹೂಪುಡಿ, ಒಂದು ನೂಲೆಳೆ ಉಳಿಯುತ್ತಿದ್ದವು. ಅಂಚಿನಲ್ಲಿ ಹಸಿರು ಗುರುತು. ಎಂಟು ವರ್ಷ, ಒಂದು ದಿನವೂ ತಪ್ಪದೆ. ಅವಳ ಶ್ರದ್ಧೆ ನೋಡಿ ಮೇಲಿನವರು ಅವಳನ್ನು ಓಣಿಯ ಮುಖ್ಯ ವೀಕ್ಷಕಿ ಎಂದು ನೇಮಿಸಿದರು. ಸಂಬಳವಿಲ್ಲ, ಕೊರಳಿಗೊಂದು ನೀಲಿ ಪಟ್ಟಿ. ಅದನ್ನು ಹಾಕಿಕೊಂಡು ಮನೆಮನೆಗೆ ಹೋಗಿ, ಸೋಮಾರಿಗಳನ್ನು ಗದರಿಸಿ, ಅವರ ಬೆರಳನ್ನೂ "ಹೌದು" ಮೇಲೆ ಇರಿಸಿ ಬರುತ್ತಿದ್ದಳು.

*

ಯಂಕಪ್ಪ ಶೆಡ್ಡಿಗೆ ಹೋಗುವುದನ್ನು ನಿಲ್ಲಿಸಿದ ವರ್ಷ ಧೂಳುರೋಗದ ಮಂಡಳಿಗೆ ಅರ್ಜಿ ಹಾಕಿದರು. ಇದು ಶೆಡ್ಡಿನ ಧೂಳಿನಿಂದ ಬಂದ ರೋಗ ಎಂದು ಮಂಡಳಿ ಒಪ್ಪಿದರೆ ಮನೆಗೆ ಉಸಿರು ಯಂತ್ರ ಬರುತ್ತಿತ್ತು. ಗೋಡೆಗೆ ಜೋಡಿಸಿದರೆ ಹಗಲೂ ರಾತ್ರಿ ಆಮ್ಲಜನಕ ಕೊಡುವ ಯಂತ್ರ. ಯಂಕಪ್ಪನಿಗೆ ಈಗ ಬೇಕಾಗಿದ್ದದ್ದು ಅದೊಂದೇ. ನಾಲ್ಕು ಹೆಜ್ಜೆ ಇಟ್ಟರೆ ಅವನ ತುಟಿ ನೇರಳೆಯಾಗುತ್ತಿತ್ತು.

ಮಂಡಳಿಯ ಅಧಿಕಾರಿ ಒರಟ ಮನುಷ್ಯನೇನಲ್ಲ. ಇಬ್ಬರಿಗೂ ಕುರ್ಚಿ ಹಾಕಿಸಿದ. ಗೋಡೆಯ ಪರದೆಯ ಮೇಲೆ ಹಸಿರು ಗುರುತುಗಳ ಸಾಲು ತೋರಿಸಿದ. ಸಾಲಿನ ಕೆಳಗೆ ಸಾಲು, ಸಾಲಿನ ಕೆಳಗೆ ಸಾಲು.

"ಇದು ನಿಮ್ಮ ಮನೆಯದೇ ದಾಖಲೆ ಅಮ್ಮ. ಎಂಟು ವರ್ಷ ನಿಮ್ಮ ಓಣಿಯ ಗಾಳಿ ಶುಚಿಯಾಗಿದೆ ಅಂತ ನೀವೇ ಹೇಳಿದ್ದೀರಿ. ಒಂದು ದಿನವಾದರೂ ತಕರಾರಿಲ್ಲ."

"ಶುಚಿ ಅಂತ ನಾ ಎಲ್ಲಿ ಹೇಳಿನ್ರಿ? ಕಸ ಒರಸಲೇನು ಅಂತು, ಹೂಂ ಅಂದೆ."

"ಅಂದರೆ ಗಾಜಿನ ಮೇಲಿದ್ದದ್ದು ನಿಮ್ಮ ಕೈಯ ಕಸ, ಗಾಳಿಯದಲ್ಲ ಅಂತ ಒಪ್ಪಿಕೊಂಡ ಹಾಗೆ. ಕಾಯ್ದೆಯಲ್ಲಿ ಹಾಗೇ ಇದೆ."

ಆದೇಶದಲ್ಲಿ ಕಾಯಿಲೆಗೆ ಕಾರಣ ಬರೆದಿದ್ದರು: ಅಡುಗೆಮನೆಯ ಹೊಗೆ.

ಮೂವತ್ತಕ್ಕೂ ಹೆಚ್ಚು ವರ್ಷ ಕಲ್ಲು ಕೊಯ್ದವನ ಎದೆಯನ್ನು ಹೆಂಡತಿಯ ಒಲೆಯ ಮೇಲೆ ಹೊರಿಸಿ ಕೈ ತೊಳೆದುಕೊಂಡರು. ಬೀಗ ಹಾಕಬೇಕಾದದ್ದು ಶೆಡ್ಡಿಗೆ; ನೋಟೀಸು ಅಂಟಿಸಿದ್ದು ಒಲೆಗೆ. ಹುಲಿಗೆಮ್ಮ ಆ ಕಾಗದವನ್ನು ಬಸ್ಸಿನಲ್ಲಿ ಮೂರು ಸಲ ಓದಿದಳು. ಯಂಕಪ್ಪ ಕಿಟಕಿಗೆ ತಲೆ ಆನಿಸಿ, "ರೊಟ್ಟಿ ಸುಟ್ಟು ಸುಟ್ಟು ಕೊಂದಿ ನನ್ನ," ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ.

ಮನೆಗೆ ಬಂದವಳೇ ಮನೆಗಣ್ಣಿನ ನೆತ್ತಿಯ ಪರದೆಯನ್ನು ಕಿತ್ತಳು. ಒಳಗಿನ ಕೊಳವೆಗೆ ಹಳೆಯ ದುರ್ಬೀನಿನ ಕಣ್ಗಾಜು ಸಿಕ್ಕಿಸಿದಳು. ಯಂತ್ರ ಬಿಚ್ಚಿ ಜೋಡಿಸುವುದು ಅವಳ ಭಾನುವಾರದ ಆಟವಾಗಿತ್ತು. ಕೆಟ್ಟ ಕ್ಯಾಲ್ಕುಲೇಟರಿನ ಪರದೆಯಲ್ಲಿರುವ ಕಪ್ಪು ಹಾಳೆಯ ಎರಡು ತುಂಡನ್ನು ಒಂದರ ಮೇಲೊಂದು ಅಡ್ಡಡ್ಡ ಹಿಡಿದರೆ ಬೆಳಕು ಪೂರಾ ನಿಲ್ಲುತ್ತದೆ, ನಡುವೆ ಕಲ್ಲಿನಂಥ ಕೆಲವು ಹರಳುಗಳಿದ್ದರೆ ಅವು ಮಾತ್ರ ಬೆಳಗುತ್ತವೆ ಎಂಬುದೂ ಅವಳಿಗೆ ಗೊತ್ತಿತ್ತು. ಉಪ್ಪು, ಸಕ್ಕರೆ ಇಟ್ಟು ನೋಡುವಾಗ ಒಮ್ಮೆ ಮಾಡಿ ನೋಡಿದ್ದಳು. ಉಪ್ಪು ಕತ್ತಲೆಯಲ್ಲೇ ಉಳಿದಿತ್ತು, ಸಕ್ಕರೆ ಬಣ್ಣಬಣ್ಣವಾಗಿ ಉರಿದಿತ್ತು. ಆದರೆ ಕಿಟಕಿಯ ಗಾಜನ್ನು ಹಾಗೆ ನೋಡಬೇಕೆಂದು ಎಂಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಚಂದದ್ದನ್ನು ನೋಡಲು ಕುಳಿತವರು ಕಸವನ್ನು ಯಾಕೆ ನೋಡುತ್ತಾರೆ?

ಈಗ ಆ ಗಾಜನ್ನು ಎರಡು ಕಪ್ಪು ಹಾಳೆಗಳ ನಡುವೆ ಇಟ್ಟು ನೋಡಿದಳು. ಕಪ್ಪು ಬಯಲು. ಅದರ ತುಂಬ ಮಸುಕು ಬಿಳಿ ಚೂರುಗಳು, ಒಡೆದ ಬಳೆಯಂತೆ ಅಂಚುಳ್ಳವು. ಗಾಜು ಸರಿಸಿದಲ್ಲೆಲ್ಲ ಅವೇ. ಕಣ್ಣು ತೆಗೆಯದೆ ಕರೆದಳು: "ಇಲ್ಲಿ ಬಾರಪ್ಪ."

ಯಂಕಪ್ಪ ಮಂಚದಿಂದ ಬರಲು ಹೊತ್ತಾಯಿತು. ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ.

"ನಮ್ಮ ಕಲ್ಲು ಇದು," ಎಂದ. ಗುರುತಿನವರನ್ನು ಸಂತೆಯಲ್ಲಿ ಕಂಡವನ ದನಿ ಅದು. "ಕೆಂಪು ಇಲ್ಲದಿದ್ರೂ ನಮ್ಮದ."

*

ಆದೇಶದ ವಿರುದ್ಧ ಮೇಲ್ಮನವಿ ಹಾಕಿದರು. ಆದರೆ ಬಿಚ್ಚಿದ ಯಂತ್ರದ ಸಾಕ್ಷಿಯನ್ನು ಮಂಡಳಿ ಮುಟ್ಟುವುದಿಲ್ಲ. ಆದ್ದರಿಂದ ಹುಲಿಗೆಮ್ಮ ಕೊರಳಿಗೆ ನೀಲಿ ಪಟ್ಟಿ ಹಾಕಿಕೊಂಡು ಹುಬ್ಬಳ್ಳಿಯ ವೀಕ್ಷಣಾ ಕೇಂದ್ರಕ್ಕೆ ಹೋದಳು. ನಾಡಿನ ಎಲ್ಲ ಮನೆಗಣ್ಣುಗಳ ನೋಟ ಬಂದು ಸೇರುವುದು ಅಲ್ಲಿ. ತಣ್ಣಗಿನ ದೊಡ್ಡ ಕೋಣೆ, ಗೋಡೆ ತುಂಬ ನಕ್ಷೆ. ಊರುಗಳೆಲ್ಲ ಹಸಿರು. ಕೆಂಗಲ್ಲೂರೂ ಹಸಿರು.

ಅವಳನ್ನು ಮಾತಾಡಿಸಿದವಳು ಮೆಹಜಬೀನ್, ಅಲ್ಲಿನ ತಂತ್ರಜ್ಞೆ. ಮೂವತ್ತು ದಾಟಿದ, ಕಣ್ಣ ಕೆಳಗೆ ಕಪ್ಪಾದ ಹೆಣ್ಣುಮಗಳು. ಹುಲಿಗೆಮ್ಮನ ಮಾತು ಪೂರ್ತಿ ಕೇಳಿಕೊಂಡು, "ಚಾ ಕುಡೀರಿ ಅಮ್ಮ," ಎಂದಳು. ಚಹಾ ಬಂದ ಮೇಲೆ ಹೇಳಿದಳು.

"ಆ ಪ್ರಶ್ನೆ ಬರದಾಕಿ ನಾನ."

"ಯಾ ಪ್ರಶ್ನಿ?"

"ಕಸ ಕಾಣಿಸುತ್ತಿದೆ, ಒರೆಸಿಬಿಡಲೇ. ಮೊದಲ 'ಹಿನ್ನೆಲೆಯ ಅಡಚಣೆ ನಿವಾರಿಸಬೇಕೇ' ಅಂತ ಇತ್ತು. ಯಾರೂ ಒತ್ತತಿದ್ದಿಲ್ಲ. ಚಿತ್ರ ಮಬ್ಬು ಐತಿ, ಹುಡುಗರಿಗೆ ಬ್ಯಾಸರ ಆಗ್ತದ ಅಂತ ದಿನಾ ದೂರು. ಮಂದಿಗೆ ತಿಳಿಯೋ ಹಂಗ ಬರಿ ಅಂದ್ರು. ನನಗ ಇಪ್ಪತ್ಮೂರು ಆವಾಗ. ನಮ್ಮಮ್ಮ ಹೆಂಗ ಮಾತಾಡ್ತಾಳ ಅಂತ ನೆನಿಸಿಕೊಂಡು ಬರದೆ." ಅವಳು ಕಪ್ಪನ್ನು ಬಸಿಯ ಮೇಲೆ ಸರಿಸಿದಳು. "ಮರುದಿನದಿಂದ ಎಲ್ಲಾರೂ ಒತ್ತಿದ್ರು. ನನಗ ಬಹುಮಾನ ಕೊಟ್ರು."

"ಒರಸಿದ್ದು ಎಲ್ಲಿ ಹೋತವ್ವ?"

ಅದೇ ವಿಷಯ. ಒರೆಸಿದ್ದು ಎಲ್ಲೂ ಹೋಗಿರಲಿಲ್ಲ. ಯಂತ್ರ ಕಸವನ್ನು ಚಿತ್ರದಿಂದ ತೆಗೆಯುತ್ತಿತ್ತೇ ಹೊರತು ಬಿಸಾಡುತ್ತಿರಲಿಲ್ಲ. ಯಾವುದು ಕಸ ಎಂದು ಯಂತ್ರಕ್ಕೆ ಇನ್ನಷ್ಟು ಕಲಿಸಲು ಬೇಕಲ್ಲ, ಅದಕ್ಕಾಗಿ ಬೇರೆ ಪದರವಾಗಿ ಇಡುತ್ತಿತ್ತು. ಮೆಹಜಬೀನ್ ಕೀಲಿ ಒತ್ತಿದಳು. ಗೋಡೆಯ ನಕ್ಷೆಯ ಮೇಲಿನ ಹಸಿರು ಹಾಳೆಯಂತೆ ಸರಿಯಿತು. ಅಡಿಯಲ್ಲಿ ಕೆಂಗಲ್ಲೂರು ಇತ್ತು, ಶೆಡ್ಡುಗಳಿಂದ ಓಣಿಯ ಮೇಲೆ ಬೂದಿಯಂತೆ ಚೆಲ್ಲಿಕೊಂಡು. ಪಕ್ಕದಲ್ಲಿ ಇನ್ನೂ ಎಷ್ಟೋ ಊರುಗಳು.

ಎಲ್ಲ ಇತ್ತು. ಎಂಟು ವರ್ಷದ ಪ್ರತಿ ಬೆಳಗೂ ಇತ್ತು. ಕಾಣದಿದ್ದದ್ದು ಯಂತ್ರಕ್ಕಲ್ಲ, ಇಲ್ಲಿ ಕುಳಿತವರಿಗೂ ಅಲ್ಲ. ಉಸಿರಾಡುವವರಿಗೆ ಮಾತ್ರ.

"ಇದನ್ನ ಕೊಡವ್ವ. ಕೈ ಮುಗೀತೀನಿ."

"ಕೊಡಬಹುದು. ದಾರಿ ಒಂದ ಐತಿ." ಮೆಹಜಬೀನ್ ದನಿ ತಗ್ಗಿಸಿದಳು. "ಓಣ್ಯಾಗಿನ ಎಲ್ಲಾ ಮನಿ ಪದರ ಒಂದ ಕಂತೆ, ಬಿಡಿಬಿಡಿ ತೆಗಿಯಾಕ ಬರಂಗಿಲ್ಲ. ಓಣಿಯ ಮುಖ್ಯ ವೀಕ್ಷಕಿ ಬರದು ಕೊಡಬೇಕು: ನಾ ಧೂಳು ಕಂಡಿದ್ದೆ, ಗೊತ್ತಿದ್ದ ಅಳಿಸಿದೆ, ಮಂದಿ ಕೈಲೇ ಅಳಿಸಿಸಿದೆ ಅಂತ. ಹಂಗ ಬರದು ಕೊಟ್ರ ತಪ್ಪು ದಾಖಲೆ ಸರಿಪಡಿಸಲಿಕ್ಕೆ ಅಂತ ಪದರ ತೆರೀತದ. ಉಳಿದವ್ರು ನೀವು ಹೇಳಿದ್ದಕ್ಕ ಒತ್ತಿದ್ರು, ಅವರಿಗೆ ಗೊತ್ತಿದ್ದಿಲ್ಲ ಅಂತ ಆಗ್ತದ. ಅವರ ಅರ್ಜಿ ಉಳೀತಾವ. ಶೆಡ್ಡಿಗೂ ಆದೇಶ ಹೋಗ್ತದ."

"ನನ್ನ ಗಂಡಂದು?"

"ಧೂಳು ತಿಳಿದ ಒಂದು ವರ್ಷದಾಗ ಅರ್ಜಿ ಹಾಕಬೇಕು ಅಂತ ಕಾಯ್ದೆ. ನಿಮ್ಮ ಮನಿಗೆ ಎಂಟು ವರ್ಷದಿಂದ ಗೊತ್ತಿತ್ತು ಅಂತ ನೀವ ಬರದಂಗ ಆಗ್ತದಲ್ಲ. ಅವರ ಮೇಲ್ಮನವಿ ಅಲ್ಲಿಗೆ ಬಿತ್ತು." ಸ್ವಲ್ಪ ತಡೆದು ಹೇಳಿದಳು: "ಮನೆಗಣ್ಣೂ ತಗೊಂಡು ಹೋಗ್ತಾರ. ಮತ್ತ ಯಾವತ್ತೂ ನಿಮ್ಮ ಹೆಸರಿಗೆ ಕೊಡಂಗಿಲ್ಲ."

"ಬರೀಲಿಲ್ಲಂದ್ರ ಅವಂಗ ಯಂತ್ರ ಬರತೈತೇನು?"

"ಬರಬಹುದು. ಹಸಿರು ಗುರುತು ಮೀರಿ ಮೇಲ್ಮನವಿ ಗೆದ್ದವರು... ಇಲ್ಲಿತನಕ ನಾಕು ಮಂದಿ ಅದಾರ."

"ಎಷ್ಟು ಮಂದಿ ಹಾಕಿದ್ರು?"

ಮೆಹಜಬೀನ್ ಕೀಲಿ ಒತ್ತಿ ನಕ್ಷೆಯ ಮೇಲೆ ಹಸಿರನ್ನು ಮತ್ತೆ ಎಳೆದಳು.

*

"ನಾಕು ಮಂದಿ ಗೆದ್ದಾರಂದ್ರ ಐದನೆಯಾಂವ ನಾ ಆಗಬಾರದೇನು?" ಯಂಕಪ್ಪ ಕೇಳಿದ.

ಹುಲಿಗೆಮ್ಮ ಎಲ್ಲವನ್ನೂ ಹೇಳಿದ್ದಳು. ಮುಚ್ಚಿಡಬೇಕೆಂದು ಅನಿಸಿತ್ತು, ಆಗಲಿಲ್ಲ. ಮಧ್ಯಾಹ್ನದ ಬಿಸಿಲು. ಹಿಂದೆ ಶೆಡ್ಡಿನಲ್ಲಿ ಒಣ ಬ್ಲೇಡು ಕಲ್ಲಿನ ಮೇಲೆ ಕಿರುಚುತ್ತಿತ್ತು. ಬ್ಲೇಡಿನ ಮೇಲೆ ನೀರು ಬಿಟ್ಟು ಕೊಯ್ದರೆ ಧೂಳೇ ಏಳುವುದಿಲ್ಲ, ಎಲ್ಲ ಮಾಲೀಕರಿಗೂ ಗೊತ್ತು. ನೀರು ಬಿಟ್ಟರೆ ಕೆಲಸ ನಿಧಾನ, ಅಷ್ಟೇ.

"ಫಕೀರವ್ವನ ಗಂಡ ಹನಮಪ್ಪಣ್ಣ ಹೋದ ವಾರ ರಕ್ತ ಕೆಮ್ಮಿದ," ಎಂದಳು. "ಅವನ ಮಗಾ ನಿನ್ನೆಯಿಂದ ಬ್ಲೇಡಿಗೆ ನಿಂತಾನ. ಮೀಸಿ ಇನ್ನೂ ಬಂದಿಲ್ಲ."

"ಗೊತ್ತೈತಿ."

"ಓಣ್ಯಾಗ ಹತ್ತೊಂಬತ್ತು ಅರ್ಜಿ ಅದಾವ."

"ಗೊತ್ತೈತಿ ಅಂದೆನಲ್ಲ!" ಅಷ್ಟು ಕೂಗಿದ್ದಕ್ಕೆ ಅವನು ಬಹಳ ಹೊತ್ತು ಉಸಿರಿಗಾಗಿ ಒದ್ದಾಡಿದ. ಅವಳು ಬೆನ್ನು ನೀವಲು ಹೋದರೆ ಕೈ ತಳ್ಳಿದ. ಮಾತು ಮರಳಿದಾಗ ಒಂದೊಂದೇ ಪದವಾಗಿ ಬಂತು. "ಸಂಘದಾಗ ಭಾಷಣ ಮಾಡಿದಾಂವ ನಾನ. ಓಣಿ ಅಂದ್ರ ಒಂದು ದೇಹ ಅಂತ. ಆವಾಗ ಉಸಿರಿತ್ತು, ಮಾತಾಡಿದೆ. ಈಗ ನನಗ ಉಸಿರು ಬೇಕ ಹುಲಿಗಿ. ಓಣಿ ಬ್ಯಾಡ."

"ಹೂಂ."

"ಮತ್ತ ನಿನ್ನ ಕೈಲೇ, ಗೊತ್ತಿದ್ದ ಅಳಿಸಿದೆ ಅಂತ? ನೀ ಕೊಂದಿ ಅಂತ ನೀನ ಬರದು ಕೊಡ್ತಿಯಾ? ಸುಳ್ಳಲ್ಲೇನ ಅದು?"

ಸುಳ್ಳೇ ಆಗಿತ್ತು. ಅವಳು ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದ ಜಾಗವನ್ನೇ ಒರೆಸಿದಳು. ಆ ಒಂದು ಕ್ಷಣದ ಬೂದು ಮುಸುಕು ಅವಳ ಕಣ್ಣಿಗೆ ಬಿದ್ದಿರಲಿಲ್ಲವೇ? ಬಿದ್ದಿತ್ತು. ದಿನವೂ ಬಿದ್ದಿತ್ತು. ಕಲ್ಲು ಎಂದು ತಿಳಿದಿತ್ತೇ? ಇಲ್ಲ. ತಿಳಿಯಬೇಕೆಂದು ನೋಡಿದ್ದಳೇ?

"ಬರಿಯಂಗಿಲ್ಲ ಬಿಡು," ಎಂದಳು.

ಮರುವಾರ ಹುಬ್ಬಳ್ಳಿಗೆ ಹೋಗಿ ಬರೆದು ಕೊಟ್ಟಳು. ಮೆಹಜಬೀನ್ ಕಾಗದ ತೆಗೆದುಕೊಳ್ಳುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂರನೆಯ ದಿನ ಇಬ್ಬರು ಬಂದು ಮನೆಗಣ್ಣು ಕೇಳಿದರು. ಯಂಕಪ್ಪ ಮಂಪರಿನಲ್ಲಿದ್ದ. ಅವಳು ಅದನ್ನು ಬಾಗಿಲ ಹೊರಗೇ ಅವರ ಕೈಗಿಟ್ಟಳು, ನೀಲಿ ಪಟ್ಟಿಯ ಸಮೇತ. ಎಚ್ಚರವಾದ ಮೇಲೆ ಅವನು ಕೇಳಿದಾಗ, ರಿಪೇರಿಗೆ ಒಯ್ದಿದ್ದಾರೆ ಎಂದಳು.

ಆಮೇಲಿನ ತಿಂಗಳುಗಳಲ್ಲಿ ಅವನು ದಿನಕ್ಕೊಮ್ಮೆ ಕೇಳುತ್ತಿದ್ದ: "ಮೇಲ್ಮನವಿ ಕಾಗದ ಬಂತೇನ?"

"ಬರತೈತಿ."

"ಐದನೆಯಾಂವ," ಎಂದು ಬೆರಳು ಮಡಚಿ ತೋರಿಸಿ ಮಲಗುತ್ತಿದ್ದ. ಅವಳು ಹಿತ್ತಲಿಗೆ ಹೋಗಿ ತೊಟ್ಟಿಯ ಮುಂದೆ ಕೂರುತ್ತಿದ್ದಳು. ಹಸಿರು ನೀರು. ಅದರಲ್ಲಿ ಗಾಣಗಳು ತಿರುಗುತ್ತಿರಬೇಕು. ಬರಿಗಣ್ಣಿಗೆ ನೀರು ನೀರೇ.

*

ಒಂದು ಸೋಮವಾರ ಬೆಳಿಗ್ಗೆ ಅವಳು ಅವನಿಗೆ ಗಂಜಿ ಕುಡಿಸುತ್ತಿದ್ದಳು. ಯಂಕಪ್ಪ ಚಮಚವನ್ನು ತಡೆದ.

"ಸುಮ್ಮಿರು."

ಶೆಡ್ಡಿನ ಸದ್ದು ಬದಲಾಗಿತ್ತು. ಕಿರುಚಾಟವಿಲ್ಲ. ಕಾದ ಹಂಚಿನ ಮೇಲೆ ಬಿಡದೆ ನೀರು ಬಿದ್ದಂತೆ ದಪ್ಪನೆಯ, ಒದ್ದೆಯಾದ ಸದ್ದು. ಮೂವತ್ತಕ್ಕೂ ಹೆಚ್ಚು ವರ್ಷ ಬ್ಲೇಡಿನ ಮುಂದೆ ನಿಂತವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನೀರು ಬಿಟ್ಟು ಕೊಯ್ಯಾಕತ್ತಾರ."

ಅವಳು ಬಟ್ಟಲು ಕೆಳಗಿಟ್ಟಳು.

"ಎಲ್ಲಾ ಶೆಡ್ಡಿನ್ಯಾಗೂ." ಅವನು ಕತ್ತು ಎತ್ತಿ ಆಲಿಸಿದ. ಒಂದು ಗಳಿಗೆ ಅವನ ಮುಖದಲ್ಲಿ ಕೆಲಸಗಾರನ ಮೆಚ್ಚುಗೆ ಬಂದು ಹೋಯಿತು. "ಚಲೋ ಕೊಯ್ತೈತಿ." ಆಮೇಲೆ ಕಣ್ಣು ತಿರುಗಿಸಿ, ಮನೆಗಣ್ಣು ಇದ್ದ ಖಾಲಿ ಮೂಲೆಯನ್ನು ನೋಡಿದ. ಅಲ್ಲಿಂದ ಅವಳನ್ನು ನೋಡಿದ.

"ಯಾವಾಗ ಬರದು ಕೊಟ್ಟಿ?"

"ಪಂಚಮಿ ಮುಂದ."

ಪಂಚಮಿ ಕಳೆದು ನಾಲ್ಕು ತಿಂಗಳಾಗಿತ್ತು. ನಾಲ್ಕು ತಿಂಗಳು ಅವನು ಬೆರಳು ಮಡಚಿದ್ದ.

ಯಂಕಪ್ಪ ಗೋಡೆಯ ಕಡೆ ಹೊರಳಿದ. ಹನ್ನೊಂದು ದಿನ ಬದುಕಿದ್ದ. ಅವಳು ಕುಡಿಸಿದ ಗಂಜಿ ಕುಡಿದ, ಅವಳ ಹೆಗಲು ಹಿಡಿದು ಬಚ್ಚಲಿಗೆ ಹೋದ, ಅವಳ ತೊಡೆಯ ಮೇಲೇ ಕೊನೆಯುಸಿರು ಎಳೆದ. ಮಾತಾಡಲಿಲ್ಲ. ಬಂದವರ ಜೊತೆ ಎರಡು ಮಾತಾಡಿದ, ನಕ್ಕೂ ನಕ್ಕ, ಅವಳೊಡನೆ ಇಲ್ಲ. ತ್ಯಾಗ ಮಾಡಿದವರ ಹೆಸರನ್ನು ಸಂಘದ ಹಲಗೆಯ ಮೇಲೆ ಬರೆದರು. ಯಂಕಪ್ಪನ ಹೆಸರೂ ಬರೆದರು. ಅವನನ್ನು ಯಾರೂ ಕೇಳಿರಲಿಲ್ಲ.

ಒಂದು ತಿಂಗಳ ನಂತರ ಓಣಿಯ ಮೊದಲ ಉಸಿರು ಯಂತ್ರ ಹನಮಪ್ಪನಿಗೆ ಬಂತು. ಅವನ ಮನೆಗೂ ಹುಲಿಗೆಮ್ಮನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹುಲಿಗೆಮ್ಮ ಎರಡು ದಿನ ಕಾದಳು, ಯಂತ್ರದ ಸದ್ದು ಕೇಳಿಸಲಿಲ್ಲ. ಮೂರನೆಯ ದಿನ ಎದ್ದು ಹೋದಳು. ಯಂತ್ರವನ್ನು ದೂರದ ಗೋಡೆಗೆ, ಬಾಗಿಲ ಹಿಂದೆ ಜೋಡಿಸಿ, ಮೇಲೆ ಎರಡು ಕೌದಿ ಹೊದಿಸಿದ್ದರು. ನಳಿಕೆ ಸಾಲದೆ ಹನಮಪ್ಪ ಮಂಚದ ಅಂಚಿಗೆ ಬಂದು ವಾಲಿ ಕುಳಿತಿದ್ದ.

ಫಕೀರವ್ವ ತಲೆ ತಗ್ಗಿಸಿದಳು. "ನಿನಗ ಕೇಳಬಾರದು ಅಂತ... ಹೆಂಗ ಸಹಿಸ್ತಿ ಅಂತ, ಯವ್ವಾ..."

ಹುಲಿಗೆಮ್ಮ ಕೌದಿಗಳನ್ನು ತೆಗೆದು ಮಡಚಿದಳು. ಯಂತ್ರ ಸಣ್ಣಗೆ ಗುಂಯ್ಗುಡುತ್ತಿತ್ತು. ನಡುನಡುವೆ ಯಾರೋ ಆಯಾಸ ಕಳೆದು ಉಸಿರು ಬಿಟ್ಟಂತೆ ಒಂದು ಸದ್ದು.

"ಇದನ್ನ ನಮ್ಮ ಕಡಿ ಗ್ವಾಡಿಗೆ ಹಾಕ," ಎಂದಳು. "ಮಂಚಾನೂ ಅಲ್ಲೇ ಸಮೀಪ ಆಗತೈತಿ. ನನಗ ಕೇಳಬೇಕದು."